ಲಲಿತಾಬಾಯಿಯ ಬೀಮಾರಿ

“ಹೋಗಾಕಿ ಇಲ್ಲೇ ಕುಂತಾಳ, ಇರಾಂವ ಹ್ಯಾಂಗ ಹೋದ?”

ಅಣ್ಣನ ಹೆಣವನ್ನು ಕೂರಿಸಿ ಮಣ್ಣಿಗೆ ಒಯ್ಯುವ ಬಿದಿರಿನ ವಿಮಾನಕ್ಕೆ ಬಾಳೆಕಂದು ಕಟ್ಟುತ್ತಿದ್ದ ರೇವಣಸಿದ್ದ ಯಾರ ಮುಖವನ್ನೂ ನೋಡದೆ ಕೇಳಿದ. ಪಡಸಾಲೆಯಲ್ಲಿ ಅಣ್ಣ ಸಿದ್ಧಲಿಂಗಪ್ಪ ಹಣೆತುಂಬ ವಿಭೂತಿ ಧರಿಸಿ, ತಲೆಗೆ ಪಟಕಾ ಸುತ್ತಿಸಿಕೊಂಡು ಗೋಡೆಗೊರಗಿ ನೆಟ್ಟಗೆ ಕುಳಿತಿದ್ದ. ಬೆಳಿಗ್ಗೆ ಚಹಾದ ಕಪ್ಪು ಕೈಯಲ್ಲಿರುವಾಗಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟಿದ್ದ.

ಪಕ್ಕದಲ್ಲಿ ಹೆಂಡತಿ ಲಲಿತಾಬಾಯಿ. ಇಂದೋ ನಾಳೆಯೋ ಎಂದು ಚಿತ್ತಾಪುರದ ಆ ಓಣಿ ಎಂಟು ವರ್ಷದಿಂದ ಕಾದಿದ್ದು ಅವಳ ಸಾವಿಗೆ. ಬಂದವರೆಲ್ಲ ಸತ್ತವನಿಗೆ ಕೈಮುಗಿದು, ಬದುಕಿದ್ದವಳ ನಾಡಿ ಹಿಡಿದು ನೋಡುತ್ತಿದ್ದರು. ಹೆಂಡತಿಯ ಸೇವೆಯಲ್ಲೇ ಜೀವ ಸವೆಸಿದ ಶರಣ ಎಂದು ಒಬ್ಬರು. ಗಿರಣಿಯನ್ನೂ ನಡೆಸಿ ಆಕೆಯ ಗಂಜಿಯನ್ನೂ ಕಾಸಿದನಲ್ಲ ಎಂದು ಇನ್ನೊಬ್ಬರು. ಹಿರಿಯರು ಆಗಲೇ ತೀರ್ಮಾನಿಸಿಬಿಟ್ಟಿದ್ದರು: ಲಲಿತಾಬಾಯಿ ಮಣ್ಣಿಗೆ ಬರುವುದು ಬೇಡ, ಒಂದೇ ದಿನ ಎರಡು ವಿಮಾನ ಕಟ್ಟಲು ಯಾರಿಗೂ ಆಗುವುದಿಲ್ಲ, ನೆರೆಮನೆಯ ಬಿಬಿಜಾನ್ ಆಕೆಯ ಹತ್ತಿರ ಕೂರಲಿ.

ಮೂವತ್ತೊಂದು ವರ್ಷ ಜೊತೆಗೆ ಬಾಳಿದವನಿಗೆ ಒಂದು ಹಿಡಿ ಮಣ್ಣು ಹಾಕಬೇಕು. ಲಲಿತಾಬಾಯಿಗೆ ಬೇಕಾಗಿದ್ದದ್ದು ಇಷ್ಟೇ. ತನಗೆ ನೆಗಡಿಯೂ ಇಲ್ಲವೆಂದು ಹೇಳಲು ಬಾಯಿ ತೆರೆದಾಗಲೆಲ್ಲ ಯಾರೋ ಒಬ್ಬರು ನೀರು ಕುಡಿಸುತ್ತಿದ್ದರು.

*

ಎಂಟು ವರ್ಷದ ಹಿಂದೆ ಸಿಮೆಂಟ್ ಫ್ಯಾಕ್ಟರಿಗೆ ಹೊಸ ಗುತ್ತೇದಾರ ಬಂದು ತನ್ನ ಮಂದಿಯನ್ನೇ ತಂದಾಗ, ಚೀಲ ಹೊತ್ತು ಸೊಂಟ ಕೆಡಿಸಿಕೊಂಡಿದ್ದ ಸಿದ್ಧಲಿಂಗಪ್ಪನ ಕೆಲಸ ಹೋಯಿತು. ಓಣಿಯಲ್ಲಿ ಹಳೆಯ ಹಿಟ್ಟಿನ ಗಿರಣಿಯೊಂದು ಮಾರಾಟಕ್ಕಿತ್ತು. ವಾರಕ್ಕಿಂತ ಹೆಚ್ಚು ತಡೆಯಲಾರೆನೆಂದ ಅದರ ಮಾಲಕ. ಪಿಎಫ್ ಪೂರ್ತಿ ತೆಗೆಯಬೇಕೆಂದರೆ ಎರಡು ತಿಂಗಳು ಕಾಯಬೇಕು, ಮನೆಯಲ್ಲಿ ಕಾಯಿಲೆ ಎಂದು ಅರ್ಜಿ ಹಾಕಿದರೆ ಒಂದಿಷ್ಟು ಜಲ್ದಿ ಬರುತ್ತದೆ ಎಂದ ಆನ್‌ಲೈನ್ ಅಂಗಡಿಯ ನಯೀಮ.

“ಯಾರಿಗಿ ಬೀಮಾರಿ ಹಾಕ್ಲಿ, ಕಾಕಾ?”

“ನಮ್ಮಾಕಿಗಿ ಹಾಕು. ಆಕಿ ಗಟ್ಟಿ ಇದ್ದಾಳ, ತಡಕೋತಾಳ.”

ಐದನೆಯ ದಿನ ದುಡ್ಡು ಬಂತು, ಗಿರಣಿ ಬಂತು, ಬೆನ್ನಿಗೇ ಭಯವೂ ಬಂತು. ಪಿಎಫ್ ಆಫೀಸಿನವರು ತಪಾಸಣೆಗೆ ಬರುತ್ತಾರೆಂದು ಅವನಿಗೆ ಯಾರೂ ಹೇಳಿರಲಿಲ್ಲ, ತಾನೇ ನಂಬಿಕೊಂಡ. ಇನ್‌ಶರ್ಟ್ ಮಾಡಿದ ಗಂಡಸು ಓಣಿಯ ಮೂಲೆಯಲ್ಲಿ ಕಂಡರೆ ಸಾಕು, ಮುಂಬಾಗಿಲಲ್ಲಿ ಕುಳಿತವನು ಎರಡು ಸಲ ಕೆಮ್ಮುವನು. ಒಳಗೆ ಜೋಳದ ಚೀಲವೆತ್ತಿ ಗಿರಣಿಗೆ ಸುರಿಯುತ್ತಿದ್ದ ಲಲಿತಾಬಾಯಿ ಹಿಟ್ಟುಗೈಯಲ್ಲೇ ಓಡಿಹೋಗಿ ಕೌದಿ ಹೊದ್ದು ನರಳುವಳು. ಹಾಗೆ ಬಂದವರಲ್ಲಿ ಒಬ್ಬ ಬೀಜದ ಕಂಪನಿಯವ, ಇಬ್ಬರು ಮಾಸ್ತರರು, ಒಬ್ಬ ಮದುಮಗ. ಪಿಎಫ್‌ನವರು ಮಾತ್ರ ಬರಲಿಲ್ಲ. ನರಳಾಟ ಕೇಳಿ ಕೇಳಿ ಓಣಿ ನಂಬಿತು, ಕೊನೆಕೊನೆಗೆ ಸಿದ್ಧಲಿಂಗಪ್ಪನಿಗೇ ಅದು ನಿಜವೆನಿಸಿತು. ಸಂಜೆ ಗಿರಣಿ ನಿಂತ ಮೇಲೆ ಕಷಾಯ ಕಾಸಿ ಕೊಟ್ಟು, ಅವಳ ಕಾಲೊತ್ತುತ್ತ ಕಣ್ಣೀರು ಹಾಕುತ್ತಿದ್ದ. ಕಾಲು ನಿಜವಾಗಿಯೂ ನೋಯುತ್ತಿದ್ದುದರಿಂದ ಅವಳು ಬೇಡವೆನ್ನುತ್ತಿರಲಿಲ್ಲ.

*

ತಾಳದ ದನಿ ಏರಿತು, ವಿಮಾನ ಎದ್ದಿತು. ಹಿತ್ತಲ ಗೋಡೆಯಾಚೆಯಿಂದ ಎಂಟು ವರ್ಷವೂ ಎಲ್ಲವನ್ನೂ ನೋಡಿದ್ದ ಬಿಬಿಜಾನ್, ಕಾವಲಿಗೆ ಕುಳಿತವಳು, ಸೆರಗನ್ನು ಮುಖದ ಮೇಲೆಳೆದುಕೊಂಡಳು.

“ನಾ ಕಣ್ಣು ಮುಚ್ಚೀನಿ, ಲಲಿತಾಬಾಯಿ. ಹೋಗು.”

ಲಲಿತಾಬಾಯಿ ಮಂದಿಯ ಹಿಂದೆಯೇ ನಡೆದಳು. ಹಳ್ಳದ ಇಳಿಜಾರಿನಲ್ಲಿ, ಸಿದ್ಧಲಿಂಗಪ್ಪನ ಜೊತೆ ಫ್ಯಾಕ್ಟರಿಯಲ್ಲಿ ಚೀಲ ಹೊತ್ತು, ಈಗ ಅವನ ವಿಮಾನ ಹೊತ್ತಿದ್ದ ಮುದುಕ ಜಗದೇವಪ್ಪನ ಸೊಂಟ ಹಿಡಿಯಿತು. ವಿಮಾನ ಒಂದು ಕಡೆಗೆ ವಾಲಿತು. ಒಳಗೆ ಕುಳಿತವನ ತಲೆ, ಹೌದೆನ್ನುವಂತೆ, ಎರಡು ಸಲ ಆಡಿತು. ಯಾರೋ ನುಗ್ಗಿ ಬಿದಿರಿಗೆ ಹೆಗಲು ಕೊಟ್ಟರು. ವಿಮಾನ ನೆಟ್ಟಗಾಯಿತು. ಹೆಗಲು ಯಾರದೆಂದು ನೋಡಿದ ಭಜನೆಯವರ ತಾಳ ತಪ್ಪಿತು.

ಆಚೆಯ ಬಿದಿರು ಹೊತ್ತಿದ್ದ ರೇವಣಸಿದ್ದನ ಮುಖ ಬಿಳಿಚಿತು.

“ವೈನಿ, ನಿಮ್ಮ ಬೀಮಾರಿ ಏನು, ಈ ಭಾರ ಏನು? ಕೈಮುಗಿತೀನಿ, ಬ್ಯಾರೆದಾಂವಗ ಕೊಡ್ರಿ.”

ಬಿದಿರು ಹಿಡಿದಿದ್ದ ಕೈಯನ್ನು ಮುಗಿಯಲಾಗಲಿಲ್ಲ. ಲಲಿತಾಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

“ಕೊಡಂಗಿಲ್ಲ.”