ಎಂಜಿನ್ನಿಲ್ಲದ ಗಾಡಿಯ ಚಾಲಕ

ನನ್ನಪ್ಪ ಗವಿಸಿದ್ದಪ್ಪನಿಗೆ ಸೈಕಲ್ ಕೂಡ ಬರುವುದಿಲ್ಲ. ಅಂಥವನನ್ನು ಪೊಲೀಸರು ಅಪಘಾತದ ವರದಿಯಲ್ಲಿ ಚಾಲಕ ಎಂದು ಬರೆದರು. ಲೈಸೆನ್ಸ್ ಇಲ್ಲ, ಹೆಲ್ಮೆಟ್ ಇಲ್ಲ, ಅತಿವೇಗ. ಠಾಣೆಯ ಮುಂದಿನ ರಸ್ತೆಯಲ್ಲೇ ಹಿಂದಿನಿಂದ ಬಂದು ಗುದ್ದಿದ ಕಾರಿನವನು ಬರೀ ಸಾಕ್ಷಿಯಂತೆ! ಓದಿ ನನ್ನ ಮೈಯೆಲ್ಲ ಉರಿದುಹೋಯಿತು.

ನಾವು ಗಜೇಂದ್ರಗಡದ ಕಡೆಯ ಕೈಮಗ್ಗದವರು. ನಮ್ಮ ಓಣಿಯಲ್ಲಿ ಹಳೆಯ ಮೊಪೆಡ್ ಕೆಟ್ಟರೆ ಗುಜರಿಗೆ ಹಾಕುವುದಿಲ್ಲ. ಎಂಜಿನ್ ಬಿಚ್ಚಿ, ಆ ಜಾಗಕ್ಕೆ ಹಲಗೆಯ ಪೆಟ್ಟಿಗೆ ಕೂಡಿಸಿ, ಮೇಲೆ ನೂಲಿನ ಗಂಟು ಹೇರಿ ತಳ್ಳಿಕೊಂಡು ಹೋಗುತ್ತೇವೆ. ನಂಬರ್ ಪ್ಲೇಟನ್ನು ಮಾತ್ರ ಅಪ್ಪ ಬಿಚ್ಚಿರಲಿಲ್ಲ. ಗಾಡಿ ಅಂದಮೇಲೆ ನಂಬರ್ ಇರಬೇಕು ಎಂದು ದಿನಾ ಒರೆಸುತ್ತಿದ್ದ. ಆ ಪ್ಲೇಟೇ ಅವನಿಗೆ ಮುಳುವಾಯಿತು.

ಕಾಲು ಮುರಿದುಕೊಂಡು ರೋಣದ ಆಸ್ಪತ್ರೆಯಲ್ಲಿ ಮಲಗಿದವನು ನನ್ನನ್ನು ಕೇಳಿದ್ದು ಒಂದೇ ಮಾತು.

“ಅನ್ನಪೂರ್ಣ, ತಪ್ಪು ನಂದ ಅಂತ ಬರದಾರಂತ. ಖರೇ ಏನವಾ?”

ನೆಟ್ಟಗೆ ಠಾಣೆಗೆ ಹೋದೆ. ಮೊಪೆಡ್ ಅಂಗಳದಲ್ಲೇ ನಿಂತಿತ್ತು.

“ಸಾಹೇಬ್ರ, ಇದನ್ನ ಒಮ್ಮೆ ಚಾಲೂ ಮಾಡಿ ತೋರಸ್ರಿ,” ಎಂದು ಹವಾಲ್ದಾರ ಕೊಟ್ರೇಶನಿಗೆ ಹೇಳಿದೆ.

“ನಮಗ ಬ್ಯಾರೆ ಕೆಲಸ ಇಲ್ಲೇನು?”

“ಐತ್ರಿ. ಮೊದಲ ಇದನ್ನ ಮಾಡ್ರಿ.”

ಗೊಣಗುತ್ತ ಬಂದವನ ಮುಂದೆ ಪೆಟ್ಟಿಗೆ ತೆರೆದೆ. ಒಳಗೆ ನೂಲು ಸುತ್ತಿದ ಒಂದಿಷ್ಟು ಕಂಡಿಕೆ, ಅಪ್ಪನ ಎಲೆಅಡಿಕೆ ಚೀಲ. ಮೂರು ದಿನ ಕಣ್ಣೆದುರೇ ಇದ್ದ ಗಾಡಿಯನ್ನು ಒಬ್ಬನಾದರೂ ಬಗ್ಗಿ ನೋಡಿರಲಿಲ್ಲ.

“ಆತು ಬಿಡು, ನಿಮ್ಮಪ್ಪ ಚಾಲಕ ಅಲ್ಲ,” ಎಂದು ಅವನು ಬೇರೆ ಹಾಳೆ ತೆಗೆದುಕೊಂಡ. ನನ್ನ ಎದೆ ಹಗುರಾಯಿತು. ಸಹಿ ಮಾಡಲು ಹೋದಾಗ ಕೊನೆಯ ಸಾಲು ಕಂಡಿತು: ‘ಪಾದಚಾರಿಯು ಫುಟ್‌ಪಾತ್ ಬಿಟ್ಟು ರಸ್ತೆಗೆ ಇಳಿದದ್ದೇ ಅಪಘಾತಕ್ಕೆ ಕಾರಣ.’

ಚಾಲಕನಾದರೂ ಅಪ್ಪನದೇ ತಪ್ಪು, ಪಾದಚಾರಿಯಾದರೂ ಅಪ್ಪನದೇ ತಪ್ಪು! ಹಾಗಾದರೆ ಕಾನೂನಿಗೆ ಈ ಎರಡು ಹೆಸರು ಯಾಕೆ ಬೇಕಿತ್ತು?

“ಫುಟ್‌ಪಾತ್ ಎಲ್ಲೈತ್ರಿ? ತೋರಸ್ರಿ.”

ಅವನು ಗೇಟಿನಾಚೆ ಬೆರಳು ಮಾಡಿದ. ಬೆರಳು ಅಲ್ಲೇ ನಿಂತಿತು. ಟೈರು ಕೂತ ಠಾಣೆಯ ಜೀಪು ಎಷ್ಟೋ ತಿಂಗಳಿಂದ ಫುಟ್‌ಪಾತಿನ ತುಂಬ ನಿಂತಿದೆ.

“ಅದರ ಮ್ಯಾಲ ಹತ್ತಿ ಇಳದು ಹೋಗಬೇಕಿತ್ತೇನ್ರಿ ನಮ್ಮಪ್ಪ?”

ಪೆನ್ನು ತೆಗೆದುಕೊಂಡು ನಾನೇ ಕೆಳಗೆ ಬರೆದೆ: ‘ಫುಟ್‌ಪಾತಿನ ಮೇಲೆ ಠಾಣೆಯ ಜೀಪು ನಿಂತಿತ್ತು. ಹವಾಲ್ದಾರರೇ ಸಾಕ್ಷಿ.’ ಸಹಿ ಮಾಡಿ ಪೆನ್ನನ್ನು ಅವನ ಕಡೆ ತಳ್ಳಿದೆ.

“ಈಗ ನೀವೂ ಸಹಿ ಹಾಕ್ರಿ.”

ಕೊಟ್ರೇಶ ಆ ಹಾಳೆಯನ್ನು ಹರಿದು ಮೂರನೆಯದನ್ನು ತೆಗೆದ. ಚಾಲಕ ಎಂಬಲ್ಲಿ ಕಾರಿನವನ ಹೆಸರು ಬರೆದ. ಅಪ್ಪನ ತಪ್ಪೆಂಬ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ.

“ಗಾಡಿ ಒಯ್ಯವಾ,” ಎಂದ.

ಮೊಪೆಡ್ ತಳ್ಳಿಕೊಂಡು ಹೊರಬಿದ್ದೆ. ಜೀಪು ಅಲ್ಲೇ ಇತ್ತು. ಅಪ್ಪ ಬಿದ್ದ ಜಾಗದಲ್ಲೇ ನಾನೂ ರಸ್ತೆಗೆ ಇಳಿದೆ.