ಮೊಂಡನಿಗೊಂದು ಸೋಮವಾರ

ಶನಿವಾರ ಸಂಜೆ ಟೊರ್ಕಿಲ್ ಅಡುಗೆಮನೆಯ ಬಾಗಿಲಲ್ಲೇ ನಿಂತು, ಒದ್ದೆ ಬೂಟೂ ಕಳಚದೆ, ಆ ಮಾತು ಹೇಳಿದ.

"ಸೋಮವಾರ ಆ ಮುದಿ ಗಂಡುಜಿಂಕೆ ಮೊಂಡನ್ನ ಹೊಡೀತೀವಿ ಅಕ್ಕ. ಬೇರೆಯವರ ಬಾಯಿಂದ ನಿಮಗೆ ಗೊತ್ತಾಗೋದು ಬೇಡ ಅಂತ ನಾನೇ ಬಂದೆ."

ಎಫಿ ಕಾವಲಿಯ ಮೇಲಿದ್ದ ಓಟ್ಸ್ ರೊಟ್ಟಿಯನ್ನು ಮಗುಚಿದಳು. ಮಗುಚಿದ ರಭಸಕ್ಕೆ ಅದು ಎರಡು ಹೋಳಾಯಿತು.

"ಅವನೇನು ನಿಮ್ಮಪ್ಪನ ಗಂಟು ತಿಂದಿದಾನಾ?"

"ವಯಸ್ಸಾಯ್ತಲ್ಲ ಅಕ್ಕ. ಎಡಗೊಂಬು ಮುರಿದಿದೆ. ಹಿಂಡು ಕಟ್ಟೋ ಕಾಲ ಮುಗೀತು ಅವನದು. ಈ ಚಳಿ ದಾಟಲ್ಲ."

"ಮುಗೀತು ಅಂತ ನೀನು ಹೇಳಿಬಿಟ್ರೆ ಆಯ್ತಾ? ಹದಿನೆಂಟು ಹೆಣ್ಣಿದಾವೆ ಅವನ ಹಿಂದೆ. ಮೊನ್ನೆ ನಾನೇ ಎಣಿಸಿದೀನಿ."

"ನಿಮ್ಮ ಕಣ್ಣು ಎಣಿಸಿದ್ದನ್ನ ಎಸ್ಟೇಟಿನವರು ನಂಬ್ತಾರಾ? ಫೋಟೋ ತನ್ನಿ. ಹಿಂಡಿನ ನಡುವೆ ಅವನು ನಿಂತಿರೋ ಫೋಟೋ ತೋರಿಸಿ, ಕೋವಿ ಇಳಿಸ್ತೀನಿ. ನಮ್ಮ ಗುರುಗಳ ಮಾತು ನಾನೂ ಮರೆತಿಲ್ಲ."

ಗುರುಗಳು ಅಂದರೆ ಎಫಿಯ ಗಂಡ ರೋರಿ. ಸತ್ತು ಏಳು ವರ್ಷವಾಗಿತ್ತು. ಆ ಕಣಿವೆ, ಗುಡ್ಡ ಎಲ್ಲ ಎಸ್ಟೇಟಿನದು, ಬದುಕಿರುವಷ್ಟು ದಿನ ಅಲ್ಲಿನ ಬೇಟೆಗೆಲ್ಲ ಅವನೇ ಮೇಸ್ತ್ರಿ. ಜಿಂಕೆಗೆ ವಾಸನೆ ಸಿಗದ ಹಾಗೆ ಗಾಳಿ ನೋಡುವುದನ್ನೂ ತೆವಳುವುದನ್ನೂ, ಈಗ ಆ ಕೆಲಸದಲ್ಲಿರುವ ಟೊರ್ಕಿಲನಿಗೆ ಕಲಿಸಿದವನು. ಹಿಂಡು ಕಟ್ಟಿ ನಿಂತ ಗಂಡುಜಿಂಕೆಯನ್ನು ಬೆದೆಗಾಲದಲ್ಲಿ ಮುಟ್ಟಬಾರದು, ಕೈಲಾಗದ್ದನ್ನು ಹೊಡೆಯಬೇಕು ಅನ್ನುವುದು ರೋರಿಯ ಕಟ್ಟಳೆ. ಅದಿನ್ನೂ ನಡೆಯುತ್ತಿತ್ತು. ಇನ್ನು ಸರಕಾರದ ಕಾನೂನಿನಂತೆ ಅಕ್ಟೋಬರ್ ಇಪ್ಪತ್ತು ದಾಟಿದರೆ ಮುಂದಿನ ಜುಲೈವರೆಗೆ ಗಂಡುಜಿಂಕೆಯತ್ತ ಯಾರೂ ಕೋವಿ ಎತ್ತುವ ಹಾಗಿಲ್ಲ. ಆ ವರ್ಷ ಇಪ್ಪತ್ತನೇ ತಾರೀಕು ಸೋಮವಾರ ಬಂದಿತ್ತು. ಆ ಒಂದು ದಿನ ಕಳೆದರೆ ಮೊಂಡ ಬದುಕಿದ.

ಎಫಿಗೆ ಯಾಕಿಷ್ಟು ಉರಿ ಅಂತೀರಾ? ಎಸ್ಟೇಟಿನ ಬಂಗಲೆಯಲ್ಲಿ ಮೂವತ್ತೊಂದು ವರ್ಷ ಬೇಯಿಸಿ ಬಡಿಸಿದವಳು. ಅರವತ್ತು ತುಂಬಿದ ವಾರವೇ ಒಂದು ಗೋಡೆ ಗಡಿಯಾರ ಕೈಗಿಟ್ಟು, "ಇನ್ನು ನೀವು ಸುಧಾರಿಸ್ಕೊಳ್ಳಿ" ಅಂದುಬಿಟ್ಟರು. ಸುಧಾರಿಸಿಕೊಳ್ಳುವುದಕ್ಕೆ ಇವಳಿಗೇನಾಗಿತ್ತು ರೋಗ! ಗಡಿಯಾರವನ್ನು ಮಾರಿ, ಮೇಲೆ ಅಷ್ಟು ಹಾಕಿ, ಕ್ಯಾಮೆರಾ ಕೊಂಡಳು. ಎರಡು ವರ್ಷದಿಂದ ಗುಡ್ಡ ಹತ್ತುತ್ತಿದ್ದಳು. 'ಕಾಲ ಮುಗೀತು' ಅನ್ನುವ ಮಾತು ಕೇಳಿದರೆ ಸಾಕು, ಅವಳ ಮೈಯೆಲ್ಲ ಬೆಂಕಿಯಾಗುತ್ತಿತ್ತು.

ಉಳಿದಿದ್ದು ಭಾನುವಾರ ಒಂದೇ. ಭಾನುವಾರ ದೇವರ ದಿನ ಅಂತ ಆ ಕಡೆ ಕೋವಿ ಮುಟ್ಟುವುದಿಲ್ಲ, ಬಟ್ಟೆ ಒಗೆದು ಹರವುವುದೂ ಇಲ್ಲ. ಜಿಂಕೆಗಳಿಗೂ ಅದು ಗೊತ್ತೋ ಏನೋ, ಅಂದು ರಸ್ತೆಯವರೆಗೂ ಇಳಿದು ಬರುತ್ತವೆ. ಬೆಳಿಗ್ಗೆ ಎಫಿ ಗೂಟದಿಂದ ರೋರಿಯ ಉಣ್ಣೆ ಕೋಟು ತೆಗೆದು ತೊಟ್ಟಳು. ಆ ಗುಡ್ಡದ ಬಣ್ಣಕ್ಕೆಂದೇ ನೇಯಿಸಿದ ಬಟ್ಟೆ ಅದು. ಬೇಟೆಯವರಿಗಲ್ಲದೆ ಅಡುಗೆಯವರಿಗೆ ಕೊಡುವ ಪದ್ಧತಿ ಇರಲಿಲ್ಲ. ಅವನು ಸತ್ತ ಮೇಲೆ ಎಸ್ಟೇಟಿನವರು ವಾಪಸು ಕೇಳಿದ್ದರು, ಇವಳು ಕೊಟ್ಟಿರಲಿಲ್ಲ.

ಚರ್ಚಿಗೆ ಹೊರಟಿದ್ದ ನಾದಿನಿ ಜೆಸ್ಸಿ ಗೇಟಿನ ಹತ್ತಿರ ಎದುರಾದಳು.

"ಅಯ್ಯೋ ಅತ್ತಿಗೆ! ಭಾನುವಾರ ದಿನ ಗುಡ್ಡಕ್ಕಾ? ಪಾದ್ರಿಗಳು ಕೇಳಿದ್ರೆ ಏನು ಹೇಳ್ಲಿ?"

"ಎಫಿಗೆ ಹುಚ್ಚು ಹಿಡಿದಿದೆ ಅಂತ ಹೇಳು. ಅವರು ಮೊದಲೇ ಹಾಗಂದ್ಕೊಂಡಿದಾರೆ."

"ಅಣ್ಣ ಇದ್ದಿದ್ರೆ..."

"ನಿಮ್ಮಣ್ಣ ಇದ್ದಿದ್ರೆ ನನಗಿಂತ ಮುಂದೆ ಹೋಗಿರೋರು. ದಾರಿ ಬಿಡೇ."

ಗಾಳಿ ಮುಖಕ್ಕೆ ಬರುವ ಹಾಗೆ ಸುತ್ತು ಹಾಕಿ, ಹಳ್ಳದ ಗುಂಟ ತೆವಳಿ, ಹತ್ತು ಗಂಟೆಯ ಹೊತ್ತಿಗೆ ಎಫಿ ಒಂದು ಬಂಡೆಯ ಮರೆ ಹಿಡಿದಳು. ಮೊಣಕಾಲು ಎರಡೂ ಕೆಸರಲ್ಲಿ ನೆನೆದಿದ್ದವು. ಎದುರಿಗೇ ಮೊಂಡ! ಕರಿ ಕೆಸರಲ್ಲಿ ಹೊರಳಿ ಎದ್ದು, ಮೈಯಿಂದ ಹಬೆ ಏಳಿಸುತ್ತಾ, ಕತ್ತು ಚಾಚಿ ಕೂಗುತ್ತಿದ್ದ. ಸುತ್ತ ಹೆಣ್ಣುಗಳು ಮೇಯುತ್ತಿದ್ದವು. ಒಂದು, ಎರಡು... ಹದಿನೆಂಟು. ಎಫಿ ಕ್ಲಿಕ್ಕಿಸಿದಳು. ಒಂದೇ ಚೌಕಟ್ಟಿನಲ್ಲಿ ಅಷ್ಟೂ ಬಂದವು. 'ಬಾರೋ ಟೊರ್ಕಿಲ್, ಈಗ ಬಾರೋ' ಅಂತ ಹಲ್ಲು ಕಚ್ಚಿ ನಕ್ಕಳು.

ಅಲ್ಲಿಗೇ ಎದ್ದು ಬಂದಿದ್ದರೆ ಕಥೆ ಮುಗಿಯುತ್ತಿತ್ತು. ಆದರೆ ಮೇಲಿನ ದಿಣ್ಣೆಯಿಂದ ಇನ್ನೊಂದು ಕೂಗು ಬಂತು, ತುಂಬು ಗಂಟಲಿನದು. ಹನ್ನೆರಡು ಕವಲಿನ ಕೊಂಬು ಹೊತ್ತ ಹರೆಯದ ಗಂಡೊಂದು ಇಳಿದು ಬಂತು. ಎರಡೂ ಪಕ್ಕಪಕ್ಕದಲ್ಲಿ ಹೆಜ್ಜೆ ಹಾಕಿ ಒಂದನ್ನೊಂದು ಅಳೆದವು. ಆಮೇಲೆ ಕೊಂಬಿಗೆ ಕೊಂಬು. ಮೊಂಡ ಹಿಂದೆ ಸರಿದ, ಮತ್ತೆ ನುಗ್ಗಿದ, ಜಾರಿ ಮಂಡಿಯೂರಿದ. ಹರೆಯದ್ದು ಅವನ ಪಕ್ಕೆಗೆ ತಿವಿದು ಹಳ್ಳದವರೆಗೂ ಅಟ್ಟಿಕೊಂಡು ಹೋಯಿತು. ಹದಿನೆಂಟರಲ್ಲಿ ಒಂದಾದರೂ ತಲೆ ಎತ್ತಿ ಅವನ ಕಡೆ ನೋಡಬೇಕಲ್ಲ, ಊಹೂಂ.

ಎಫಿ ಅದನ್ನೂ ಕ್ಲಿಕ್ಕಿಸಿದಳು. ಅಳುತ್ತಲೇ ಕ್ಲಿಕ್ಕಿಸಿದಳು.

ರಾತ್ರಿಯಿಡೀ ಅವಳಿಗೆ ಒಂದೇ ಯೋಚನೆ. ಮೊದಲನೇ ಫೋಟೋ ಮಾತ್ರ ತೋರಿಸಿದರೆ ಆಯಿತು, ಟೊರ್ಕಿಲ್ ಕೋವಿ ಇಳಿಸುತ್ತಾನೆ. ಆದರೆ ಅದು ರೋರಿಯ ಕಟ್ಟಳೆಗೇ ಸುಳ್ಳು ಹೇಳಿದ ಹಾಗೆ. ಅವಳಿಗೆ ಸುಳ್ಳು ಬೇಕಿರಲಿಲ್ಲ. ಜಗಳ ಬೇಕಿತ್ತು.

ಸೋಮವಾರ ಅವಳು ರೋರಿಯ ಕೋಟು ಮುಟ್ಟಲಿಲ್ಲ. ಮೆಣಸಿನಕಾಯಿಯಷ್ಟು ಕೆಂಪಗಿನ ಮಳೆಕೋಟು ಹಾಕಿಕೊಂಡು, ಊರಿಗೆಲ್ಲ ಕಾಣುವ ಹಾಗೆ ನೇರ ದಾರಿಯಲ್ಲಿ ಹತ್ತಿದಳು. ಮೊಂಡ ಒಬ್ಬನೇ ಹಳ್ಳದ ತಗ್ಗಿನಲ್ಲಿ ಬಿದ್ದುಕೊಂಡಿದ್ದ. ಗಾಳಿ ತನ್ನ ಬೆನ್ನಿಗೆ ಬಡಿದು ಅವನ ಮೂಗಿಗೆ ಹೋಗುವಂಥ ಜಾಗ ಹುಡುಕಿ, ಬಂಡೆಯ ನೆತ್ತಿಯ ಮೇಲೆ ಕೂತು, ರೊಟ್ಟಿಯ ಗಂಟು ಬಿಚ್ಚಿದಳು.

ಅರ್ಧ ಗಂಟೆಗೆ ಟೊರ್ಕಿಲ್ ಬಂದ. ಬೇಟೆಗೆಂದು ಎಸ್ಟೇಟಿಗೆ ದುಡ್ಡು ಕಟ್ಟಿ ಬಂದು ಕೋವಿ ಹಿಡಿದಿದ್ದ ಅತಿಥಿಯನ್ನು ಕೆಳಗೇ ಬಿಟ್ಟು, ಏದುಸಿರು ಬಿಡುತ್ತಾ ಹತ್ತಿದ.

"ಅಕ್ಕಾ! ಏನ್ ಮಾಡ್ತಿದೀರಿ? ಗಾಳಿ ನಿಮ್ಮ ಬೆನ್ನಿಗಿದೆ. ಅವನು ಎದ್ದು ಓಡ್ತಾನೆ!"

"ಗೊತ್ತು ಕಣೋ. ನಿನಗೆ ಗಾಳಿ ನೋಡೋಕೆ ಹೇಳಿಕೊಟ್ಟೋರ ಹೆಂಡ್ತಿ ನಾನು."

"ಫೋಟೋ ಸಿಕ್ತಾ?"

ಎಫಿ ಕ್ಯಾಮೆರಾ ಕೊಟ್ಟಳು. ಅವನು ಒಂದೊಂದೇ ನೋಡಿದ. ಹದಿನೆಂಟನ್ನೂ ನೋಡಿದ, ಮಂಡಿಯೂರಿದ್ದನ್ನೂ ನೋಡಿದ.

"ಸೋತಿದಾನಲ್ಲ ಅಕ್ಕ. ನಾನು ಹೇಳಿದ್ದೇ ನಿಜ ಆಯ್ತು."

"ಹೂಂ, ಸೋತ. ಸೋತೋರನ್ನೆಲ್ಲ ಹೊಡೀಬೇಕು ಅಂತಾದ್ರೆ ಮೊದಲು ನನ್ನಿಂದ ಶುರು ಮಾಡು. ಗುಡ್ಡ ಹತ್ತೋ ಹಕ್ಕು ಎಲ್ಲರಿಗೂ ಇದೆ. ಕತ್ತಲಾಗೋವರೆಗೂ ಇಲ್ಲಿಂದ ಏಳಲ್ಲ ನಾನು."

"ಗುರುಗಳ ಕಟ್ಟಳೆನೇ ಮುರೀತಿದೀರಲ್ಲ!"

"ಅವರು ಬದುಕಿದ್ದಾಗ್ಲೂ ಅವರ ಮಾತಿಗೆಲ್ಲ ನಾನು ತಲೆ ಆಡಿಸಿದೋಳಲ್ಲ. ಈಗೇನು ಹೊಸದಾಗಿ?"

ಅಷ್ಟರಲ್ಲಿ ಗಾಳಿ ಬಿರುಸಾಗಿ, ಇವರ ವಾಸನೆ ತಗ್ಗಿನವರೆಗೂ ಮುಟ್ಟಿತು. ಮೊಂಡ ಎದ್ದ. ಕುಂಟುತ್ತಾ, ಹಿಂತಿರುಗಿ ಒಮ್ಮೆಯೂ ನೋಡದೆ, ದಿಣ್ಣೆ ಹತ್ತಿ ಬೇಲಿ ಮುರಿದಿದ್ದ ಕಡೆ ದಾಟಿದ. ಅದರಾಚೆ ಕುರಿಯವರ ಜಮೀನು. ಅಲ್ಲಿ ಎಸ್ಟೇಟಿನ ಕೋವಿಗೆ ಕೆಲಸವಿಲ್ಲ. ಎಫಿ ಕ್ಯಾಮೆರಾ ಕಿತ್ತುಕೊಂಡು ಒಂದೇ ಒಂದು ತೆಗೆದಳು. ಬಂದಿದ್ದು ಅವನ ಹಿಂಭಾಗ ಮಾತ್ರ, ಅದೂ ಮಸುಕು.

ಟೊರ್ಕಿಲ್ ಕೆಳಗಿನ ಅತಿಥಿಗೆ ಇವತ್ತು ಆಗಲ್ಲವೆಂದು ಕೈ ಬೀಸಿ ತಿಳಿಸಿದ. ಬೈಯುವುದೋ ನಗುವುದೋ ತಿಳಿಯದೆ ಅಲ್ಲೇ ಬಂಡೆಗೆ ಒರಗಿ ಕೂತ. ಎಫಿ ಅರ್ಧ ರೊಟ್ಟಿ ಮುರಿದು ಕೊಟ್ಟಳು.

ದಿಣ್ಣೆಯ ಆಚೆಯಿಂದ ಒಂದು ಕೂಗು ಬಂತು, ಒಡಕು ಗಂಟಲಿನದು.

"ದನಿನೇ ಹೋಗಿದೆ ಅವನಿಗೆ," ಅಂದ ಟೊರ್ಕಿಲ್.

"ಹೋಗ್ಲಿ ಬಿಡೋ," ಅಂದಳು ಎಫಿ. "ಕೂಗ್ತಿದಾನಲ್ಲ."