ಎಡ ಚಕ್ರದ ಸದ್ದು

ಹೊಸ ಬ್ರೇಕ್ ಹಾಕಿಸಿಕೊಂಡು ಬಂದ ದಿನದಿಂದಲೇ ಚಿಕ್ಕರಾಜುವಿನ ಗೂಡ್ಸ್ ಗಾಡಿ ಸದ್ದು ಮಾಡತೊಡಗಿತ್ತು. ತಟ್ಟೆಯ ಮೇಲೆ ಚಮಚ ಎಳೆದಂಥ ತೆಳ್ಳಗಿನ ಸದ್ದು. ಊರೊಳಗೆ ನಿಧಾನಕ್ಕೆ ಹೋಗುವಾಗ ಕೇಳುತ್ತಿತ್ತು; ಮಾಗಡಿ ರಸ್ತೆಯಲ್ಲಿ ವೇಗ ಹಿಡಿದರೆ ಎಂಜಿನ್ನಿನ ಗದ್ದಲದಲ್ಲಿ ಮುಳುಗಿಹೋಗುತ್ತಿತ್ತು.

ಬೇರೆಯವರಾಗಿದ್ದರೆ ಹಾಡು ಜೋರು ಮಾಡಿಕೊಂಡು ಓಡಿಸುತ್ತಿದ್ದರು. ಚಿಕ್ಕರಾಜುವಿಗೆ ಅದು ಆಗದ ಮಾತು. ಡಿಸ್ಕು, ಪ್ಯಾಡು ಎಲ್ಲ ಬದಲಿಸಿದ್ದೇ ಹೆಂಡತಿ ಶಿವಲಕ್ಷ್ಮಿ ಮತ್ತೆ ಪಕ್ಕದ ಸೀಟಿನಲ್ಲಿ ಬಂದು ಕೂರಲಿ ಎಂದು. ಹೋದ ಬೇಸಿಗೆಯಲ್ಲಿ ಇಳಿಜಾರೊಂದರಲ್ಲಿ ಬ್ರೇಕ್ ಹಿಡಿಯದೆ ಗಾಡಿ ಮೋರಿಗೆ ಗುದ್ದಿತ್ತು. ಎರಡು ಕುರಿ ಸತ್ತವು, ಅವಳ ಹೆಗಲ ಮೂಳೆ ಮುರಿಯಿತು. ಮೂಳೆ ಕೂಡಿಕೊಂಡಿತು; ಅವಳು ಮಾತ್ರ ಮತ್ತೆ ಗಾಡಿ ಹತ್ತಲಿಲ್ಲ. ಅವನು ಕುರಿ ತುಂಬಿಕೊಂಡು ಸಂತೆಗೆ ಹೊರಟರೆ ಅವಳು ತಮ್ಮೂರು ಕಲ್ಯದಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಒಂದೇ ಬಾಗಿಲಿಗೆ ಬೀಗ ಹಾಕಿ ಹೊರಟವರು ಸಂತೆಯಲ್ಲಿ ನೆಂಟರ ಹಾಗೆ ಭೇಟಿಯಾಗುತ್ತಿದ್ದರು.

ಬ್ರೇಕ್ ಹಾಕಿದ ರಾಮನಗರದ ಮತೀನ್ ಫೋನಿನಲ್ಲಿ ನಕ್ಕಿದ್ದ. "ಹೊಸ ಚಪ್ಲಿ ಕಚ್ಚಲ್ವೇನಣ್ಣ? ಒಸಿ ದಿನ ಓಡ್ಸು, ಸರಿಹೋಯ್ತದೆ."

"ಬ್ರೇಕ್ ಒತ್ತದೆ ಇದ್ರೂ ಬತ್ತದಲ್ಲೋ ಸದ್ದು!"

"ಹಂಗಾದ್ರೆ ಪ್ಯಾಡಲ್ಲ ಬುಡು. ಯಾವ ಚಕ್ರ ಅಂತ ನೋಡು ಮೊದ್ಲು. ಒಬ್ರು ಓಡಿಸ್ಬೇಕು, ಇನ್ನೊಬ್ರು ಪಕ್ಕದಲ್ಲಿ ನಡೀತಾ ಕಿವಿ ಕೊಡ್ಬೇಕು. ಒಬ್ಬನ ಕೈಲಾಗಾಕಿಲ್ಲ."

ಚಿಕ್ಕರಾಜು ಒಬ್ಬನೇ ಮಾಡಲು ನೋಡಿದ. ಜಾಕ್ ಕೊಟ್ಟು ಒಂದೊಂದೇ ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿದ. ನಾಲ್ಕೂ ಸಾಧುವಾಗಿ ತಿರುಗಿದವು. ಕಿಟಕಿ ಇಳಿಸಿ ಶಾಲೆಯ ಗೋಡೆಯ ಪಕ್ಕ ಓಡಿಸಿದ. ಸದ್ದು ಗೋಡೆಗೆ ಬಡಿದು ವಾಪಸು ಬಂತೇ ಹೊರತು ಎಲ್ಲಿಂದ ಹೊರಟೆನೆಂದು ಹೇಳಲಿಲ್ಲ.

ಸಂತೆಯ ದಿನ ಬೆಳಿಗ್ಗೆ ಕುರಿ ಹತ್ತಿಸಿ, ಬಸ್ಸಿಗೆ ಕಾದು ನಿಂತಿದ್ದ ಹೆಂಡತಿಯ ಮುಂದೆ ಗಾಡಿ ನಿಲ್ಲಿಸಿದ.

"ಒಸಿ ದೂರ ಪಕ್ಕದಲ್ಲೇ ನಡ್ಕೊಂಡು ಬತ್ತೀಯಾ?"

"ಹತ್ತಿಸಾಕೆ ಇದೊಂದು ಹೊಸ ನೆವ!"

"ಹತ್ಬ್ಯಾಡ ಕಣೇ. ಸದ್ದು ಯಾವ ಚಕ್ರದಲ್ಲಿ ಅಂತ ಕೇಳು, ಸಾಕು."

ಅವಳು ಚೀಲ ಹೆಗಲಿಗೇರಿಸಿ ನಡೆದಳು. ಅವನು ಮೊದಲ ಗೇರಿನಲ್ಲಿ ಅವಳ ಹೆಜ್ಜೆಗೆ ಗಾಡಿ ಹೊಂದಿಸಿದ. ಕನ್ನಡಿಯಲ್ಲಿ ಅವಳು ತಲೆ ವಾಲಿಸಿ, ಒಮ್ಮೆ ಹಿಂದಾಗಿ ಒಮ್ಮೆ ಮುಂದಾಗಿ ಬರುವುದು ಕಾಣುತ್ತಿತ್ತು. ರಸ್ತೆ ಹೀಗೇ ಮುಂದುವರಿಯಲಿ ಅನ್ನಿಸಿತು. ಅಷ್ಟರಲ್ಲಿ ಅವಳು ಎಡಬಾಗಿಲು ಬಡಿದಳು.

"ನಿಲ್ಸು. ಇದೇಯ. ನಾನು ಕೂರ್ತಿದ್ದ ಕಡೇದು."

ಚಕ್ರ ಬಿಚ್ಚಿದ. ಡಿಸ್ಕಿನ ಹಿಂದೆ ಧೂಳು ತಡೆಯಲು ಕೂರಿಸಿದ ತಗಡಿರುತ್ತದೆ. ಅದರ ಕೆಳಗಿನ ಸಂದಿಯಲ್ಲಿ ಒಂದು ನಾಣ್ಯ ಬಿದ್ದಿತ್ತು, ಅಂಚಿಗೆ ಕುಂಕುಮ ಮೆತ್ತಿಕೊಂಡು. ಜಾಕ್ ಕೊಟ್ಟಾಗ ಅದು ತಳದಲ್ಲಿ ಸುಮ್ಮನಿರುತ್ತಿತ್ತು. ಹಳ್ಳದಿಣ್ಣೆಯಲ್ಲಿ ಕುಲುಕಾಡಿದಾಗ ಎದ್ದು ಡಿಸ್ಕಿಗೆ ಉಜ್ಜುತ್ತಿತ್ತು.

"ಬೂದುಗುಂಬಳ ಎಲ್ಲಿ ಒಡ್ದೆ?" ಎಂದಳು.

"ಗ್ಯಾರೇಜಿಂದ ಈಚೆ ಬಂದ್ಮೇಲೆ. ದೃಷ್ಟಿ ಕಳೀಲಿ ಅಂತ."

"ಅದಲ್ಲ, ರಸ್ತೆಗೆ ಒಡ್ದ್ಯೋ, ಚಕ್ರಕ್ಕೋ?"

"ಚಕ್ರಕ್ಕೇ. ಒಸಿ ಬಲವಾಗೇ."

"ಅಯ್ಯೋ ನಿನ್ನ! ಒಳಗೆ ಕಾಸು ತುಂಬಿರೋ ಕಾಯ ಚಕ್ರಕ್ಕೆ ಚಚ್ಚೋನ ಎಲ್ಲೂ ಕಾಣ್ನಿಲ್ಲ ಕಣಯ್ಯ!" ಸೆರಗು ಬಾಯಿಗೊತ್ತಿ ನಕ್ಕಳು. ಅವನೂ ನಕ್ಕ.

ಅವನು ಚಕ್ರ ಕೂರಿಸುತ್ತಿರುವಾಗ ಬಸ್ಸು ಧೂಳೆಬ್ಬಿಸಿಕೊಂಡು ಹೊರಟುಹೋಯಿತು. ಅವಳು ಕೈ ಅಡ್ಡ ಮಾಡಲಿಲ್ಲ. ಚಿಕ್ಕರಾಜುವಿನ ಎದೆ ಹಗುರಾಯಿತು. ಟವೆಲಿನಿಂದ ಸೀಟು ಒರೆಸಿ ಎಡಬಾಗಿಲು ತೆರೆದು ಹಿಡಿದ.

ಅವಳು ಬಾಗಿಲು ದಾಟಿ ಹಿಂದಕ್ಕೆ ಹೋದಳು. ಚೀಲವನ್ನು ಕುರಿಗಳ ನಡುವೆ ಇಟ್ಟು ಹಲಗೆಯ ಮೇಲೆ ಕಾಲೂರಿ ಹತ್ತಿದಳು.

"ಅಲ್ಲ್ಯಾಕೆ? ಸದ್ದು ಹೋಯ್ತಲ್ಲ."

"ಅವತ್ತು ಗುದ್ದಿದಾಗ ಇಳ್ದೋನೇ ನೀನು ಮೊದ್ಲು ಓಡಿ ಬಂದಿದ್ದು ಇಲ್ಲಿಗೇ, ಕುರಿಗಳ ತಾವ್ಕೇ ಅಲ್ವಾ?" ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ದಾರಿ ಹೇಳುವವರ ದನಿ. "ಇಲ್ಲಿದ್ರೇ ವಾಸಿ. ನಡಿ, ಹೊತ್ತಾಯ್ತು."

ಅವತ್ತು ನೀನು ಅಲ್ಲಾಡದೆ ಕೂತಿದ್ದೆ, ಅದಕ್ಕೇ ನಿನಗೇನೂ ಆಗಿಲ್ಲವೆಂದುಕೊಂಡೆ ಎಂದು ಹೇಳಲು ಬಾಯಿ ತೆರೆದ. ಹೊರಗೆ ಬರುವ ಮೊದಲೇ ಆ ಮಾತು ಅವನಿಗೇ ಸಣ್ಣದಾಗಿ ಕಂಡಿತು. ಎಡಬಾಗಿಲು ಹಾಕಿ ಬಂದು ಕೂತ.

ಗಾಡಿ ಹೊರಟಿತು. ಕಿರುಗುಟ್ಟುವುದು ನಿಂತಿದ್ದರಿಂದ ಹಿಂದಿನ ಜಾಲರಿಯಾಚೆ ಅವಳು ಕುರಿಗಳೊಡನೆ ಮಾತಾಡುವುದೆಲ್ಲ ಕೇಳುತ್ತಿತ್ತು. "ಏ ಕರಿಯಾ, ಒಸಿ ಅತ್ಲಾಗೆ ಸರ್ಕೋ. ಭಯ ಬೀಳ್ಬ್ಯಾಡ, ನಾನಿವ್ನಿ."

ಇಳಿಜಾರು ಬಂತು. ಬ್ರೇಕಿನ ಮೇಲೆ ಕಾಲಿಟ್ಟ. ಗಾಡಿ ಮೆತ್ತಗೆ ಮಾತು ಕೇಳಿತು. ನೋಡಿದೆಯಾ ಎನ್ನಲು ಎಡಕ್ಕೆ ತಿರುಗಿದ. ಆಮೇಲೆ ಮುಖ ರಸ್ತೆಗೆ ತಿರುಗಿಸಿ, ಇನ್ನೂ ನಿಧಾನ ಮಾಡಿದ.